ಹದಿಮೂರು ಇಂಚಿನ ಗಾಲಿ

1995ರ ದಸರೆಯ ದಿನ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಚಿಕ್ಕೋಡಿಯಲ್ಲಿ ಭೀಮಸಿಯ ಟೈರ್ ಅಂಗಡಿಯ ಶೆಡ್ಡಿನಿಂದ ಒಂದು ಬಿಳಿ ಮಾರುತಿ ಕಾರು ಹೊರಗೆ ಹೋಯಿತು. ಅದರ ಪ್ರತಿ ಗಾಲಿಗೂ ನಾಲ್ಕು ನಟ್ಟು ಇರಬೇಕಾದಲ್ಲಿ ಎರಡೆರಡೇ ಇದ್ದವು. ಆ ಎರಡೂ ಆ ಗಾಲಿಯವಲ್ಲ.

ಕಾರು ಓಡಿಸುತ್ತಿದ್ದ ಬಾಹುಬಲಿಗೆ ಇದು ಗೊತ್ತಿರಲಿಲ್ಲ. ಅವನು ಮನೆಯ ಮುಂದೆ ನಿಲ್ಲಿಸಿ ತಾಯಿ ರಾಜಮತಿಯನ್ನೂ ತಂಗಿ ಅಕ್ಕುತಾಯಿಯನ್ನೂ ಹತ್ತಿಸಿಕೊಂಡು ರಾಯಬಾಗದ ರಸ್ತೆ ಹಿಡಿದ. ಅಥಣಿಯಲ್ಲಿ ಅಕ್ಕುತಾಯಿಗೆ ಗೊತ್ತು ಮಾಡುತ್ತಿದ್ದ ಹುಡುಗನ ಮನೆಯವರು ಮಧ್ಯಾಹ್ನದ ಊಟಕ್ಕೆ ಕರೆದಿದ್ದರು.

ಅಂಗಡಿಯ ಹಿಂದೆಯೇ ಭೀಮಸಿಯ ಮನೆ. ಅವನು ಎಂಜಿನ್ ಶುರುವಾದ ಸದ್ದು ಕೇಳಿದ್ದ. ಸಾಹುಕಾರರು ಗಾಡಿಯನ್ನು ತಮ್ಮ ಮನೆಯ ಮುಂದೆ ನಿಲ್ಲಿಸಲು ಒಯ್ದಿರಬೇಕು ಎಂದುಕೊಂಡು ಸ್ನಾನಕ್ಕೆ ಹೋದ. ಸಾಹುಕಾರರೆಂದರೆ ಬಾಹುಬಲಿಯ ತಂದೆ, ಬೆಲ್ಲದ ವ್ಯಾಪಾರಿ ನೇಮಿನಾಥ. ಅವರ ಮನೆ ಮುಂದಿನ ಓಣಿಯಲ್ಲೇ ಇತ್ತು. ಅಷ್ಟು ದೂರಕ್ಕೆ ಎರಡು ನಟ್ಟು ಸಾಕು.

ಗಾಲಿ ಬದಲಿಸುವ ಮಾತು ಮಳೆಗಾಲದಲ್ಲಿ ಶುರುವಾಗಿತ್ತು. ನೇಮಿನಾಥರ ಕಬ್ಬಿನ ಹೊಲ ಅಂಕಲಿಯಲ್ಲಿದೆ. ಹೊಲದ ದಾರಿಯಲ್ಲಿ ಚಕ್ಕಡಿ ಗಾಲಿಗಳು ಕೊರೆದ ಎರಡು ಹಳ್ಳ, ನಡುವೆ ಎದ್ದು ನಿಂತ ಮಣ್ಣಿನ ದಿಂಡು. ಮಾರುತಿಯ ಹೊಟ್ಟೆ ಆ ದಿಂಡಿಗೆ ಎರಡು ಸಲ ತಾಗಿ ಆಯಿಲ್ ಸೋರಿತ್ತು. ಗಾಡಿ ಸ್ವಲ್ಪ ಎತ್ತರವಾಗಬೇಕು ಎಂಬುದು ತಂದೆಯ ಬೇಡಿಕೆ. ಇಪ್ಪತ್ತಮೂರರ ಮಗನಿಗೆ ಬೇಕಾದದ್ದು ಬೇರೆ. ಕೊಲ್ಲಾಪುರದಲ್ಲಿ ಒಂದು ಕಾರಿಗೆ ಅಲ್ಯೂಮಿನಿಯಂ ಗಾಲಿ, ಅಗಲ ಟೈರು ನೋಡಿ ಬಂದಿದ್ದ.

"ಸೈಕಲ್ಲಿನ ಗಾಲಿ ಇದ್ದಂಗ ಅದಾವ ನಮ್ಮ ಗಾಡಿ ಗಾಲಿ," ಎಂದು ಅವನು ಭೀಮಸಿಯ ಅಂಗಡಿಯಲ್ಲಿ ಕೂತು ಹೇಳಿದ್ದ. "ನೂರಾ ಅರವತ್ತೈದರ ಟೈರು ಹಾಕ್ರಿ. ನೋಡಿದವ್ರು ಹೊಳ್ಳಿ ನೋಡಬೇಕು."

"ನಿನ್ನ ಮದಿವ್ಯಾಗ ಟ್ರ್ಯಾಕ್ಟರ್ ಗಾಲಿ ಹಾಕಸ್ತೀನಿ. ಈಗ ಸುಮ್ನ ಕೂಡು," ಎಂದಿದ್ದರು ನೇಮಿನಾಥ.

ಭೀಮಸಿ ಇಬ್ಬರಿಗೂ ಟೈರಿನ ಮೈಮೇಲಿನ ಅಂಕಿಗಳನ್ನು ತೋರಿಸಿ ಅರ್ಥ ಹೇಳಿದ್ದ. ಕಾರಿನ ಜೊತೆ ಬಂದದ್ದು 145/70, 12. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲಕ್ಕೆ ಟೈರಿನ ಗೋಡೆ ನೂರಕ್ಕೆ ಎಷ್ಟು ಎತ್ತರ ಎಂಬ ಲೆಕ್ಕ. ಕೊನೆಯದು ಒಳಗಿನ ಗಾಲಿಯ ಅಳತೆ, ಇಂಚಿನಲ್ಲಿ. ಮಾತು ಸಾಲದೆ ಅವನು ಎಲ್ಲಿಂದಲೋ ನೂರಾ ಅರವತ್ತೈದರ ಒಂದು ಗಾಲಿ ತರಿಸಿ ಮುಂದೆ ಹಾಕಿ, ಬಾನೆಟ್ಟಿನ ಮೇಲೆ ಭಾರಕ್ಕೆ ಯಾರೋ ಇಬ್ಬರನ್ನು ಕೂರಿಸಿ, ಸ್ಟಿಯರಿಂಗನ್ನು ಪೂರಾ ತಿರುಗಿಸಿದ. ಟೈರು ಒಳಗಿನ ತಗಡಿಗೆ ಉಜ್ಜಿತು. ಕೊನೆಗೆ ಝೆನ್ ಗಾಡಿಯ ಅಳತೆಗೆ ಒಪ್ಪಂದವಾಯಿತು: ಅಗಲ ಮೊದಲಿನಷ್ಟೇ 145/70, ಗಾಲಿ ಮಾತ್ರ ಹದಿಮೂರು ಇಂಚು, ಅಲ್ಯೂಮಿನಿಯಂದು. ಗಾಡಿ ಅರ್ಧ ಇಂಚು ಮೇಲೇಳುತ್ತದೆ. ಮೀಟರು ಅರವತ್ತು ತೋರಿಸಿದಾಗ ಗಾಡಿ ಅರವತ್ತಮೂರರಲ್ಲಿ ಹೋಗುತ್ತಿರುತ್ತದೆ, ಅದನ್ನು ನೆನಪಿಡಬೇಕು ಎಂದ ಭೀಮಸಿ.

"ಪೂರಾ ತಿರುವಿದಾಗ ಕಟ್ ಕಟ್ ಅಂದ್ರ ಅಂಜಬ್ಯಾಡ್ರಿ," ಎಂದೂ ಹೇಳಿದ್ದ. "ಇದೂ ಅಲ್ಲಲ್ಲಿ ಒಂದೀಟ ತಾಗಬಹುದು."

ಕೊಲ್ಲಾಪುರದಿಂದ ಗಾಲಿಗಳು ಬಂದದ್ದು ದಸರೆಯ ಹಿಂದಿನ ದಿನ, ಖಂಡೇನವಮಿಗೆ. ಜೊತೆಗೆ ಒಂದು ಪೊಟ್ಟಣದಲ್ಲಿ ಹದಿನಾರು ಹೊಸ ನಟ್ಟು. ಹಳೆಯ ಕಬ್ಬಿಣದ ಗಾಲಿ ತೆಳು ತಗಡಿನದು, ಅದರ ತೂತು ಅಗಲ. ಹೊಸ ಗಾಲಿ ದಪ್ಪ, ತೂತು ಇಕ್ಕಟ್ಟು ಮತ್ತು ಆಳ. ಹಳೆಯ ನಟ್ಟನ್ನು ಅದಕ್ಕೆ ಹಾಕಿದರೆ ಅದರ ದಪ್ಪ ಮೈ ತೂತಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಚೂಪು ತುದಿ ತಳ ಮುಟ್ಟುವುದಿಲ್ಲ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ಆದರೆ ಆಗಿರುವುದಿಲ್ಲ. ಅದಕ್ಕೇ ಹೊಸ ನಟ್ಟು.

ಭೀಮಸಿ ಜಾಕ್ ಏರಿಸಿ ಗಾಲಿ ಕೂರಿಸುವ ಹೊತ್ತಿಗೆ ತಾಯಿ ದುಂಡವ್ವ ಪೂಜೆಯ ಮಣೆ ಹಾಕಿದ್ದಳು. ಅಂಗಡಿಯ ಸಾಮಾನೆಲ್ಲ ಅದರ ಮೇಲೆ ಬರಬೇಕು. ಒಮ್ಮೆ ಮಣೆಗೆ ಏರಿದ ಸಾಮಾನನ್ನು ಮರುದಿನ ಸಂಜೆ ಬನ್ನಿ ಮುಡಿದು ಬರುವ ತನಕ ಆ ಓಣಿಯ ಕಸುಬಿನವರು ಯಾರೂ ಮುಟ್ಟುವುದಿಲ್ಲ. ದುಂಡವ್ವ ಪೊಟ್ಟಣವನ್ನೂ ಕೇಳಿದಳು.

"ಹೊಸಾ ಕಬ್ಬಿಣ ಐತಿ. ಮೊದಲ ಪೂಜಿ ಆಗ್ಲಿ, ಆಮ್ಯಾಲೆ ಗಾಡಿಗಿ ಹಚ್ಚು."

ಭೀಮಸಿ ಕೊಟ್ಟ. ಜಾಕ್ ಕೂಡ ಮಣೆಗೆ ಹೋಗಬೇಕಾಗಿದ್ದರಿಂದ ಗಾಡಿಯನ್ನು ಇಳಿಸಲೆಂದು ಗಾಲಿಗೆ ಎರಡೆರಡು ಹಳೆಯ ನಟ್ಟು ತಿರುವಿದ. ಪೂಜೆಗೆ ಗಾಡಿ ಚೆಂದ ಕಾಣಲೆಂದು ಗಾಲಿಗಳ ನಡು ಮುಚ್ಚುವ ಬಿಲ್ಲೆಗಳನ್ನೂ ಒತ್ತಿ ಕೂರಿಸಿದ. ಅದರಿಂದ ನಟ್ಟುಗಳು ಮುಚ್ಚಿಹೋದವು. ಗಾಡಿಯ ಸ್ವಂತ ಜಾಕ್, ನಟ್ಟು ತಿರುವುವ ಪಾನಾ ಕೂಡ ಮಣೆಯ ಮೇಲೆಯೇ ಕೂತವು. "ನಾಳೆ ಬನ್ನಿ ಆದ ಮ್ಯಾಲೆ ನಟ್ಟು ಹಾಕಿ ಕೊಡ್ತೀನ್ರಿ, ಅಲ್ಲೀತನಾ ಗಾಡಿ ಇಲ್ಲೇ ಇರ್ಲಿ," ಎಂದು ನೇಮಿನಾಥರಿಗೆ ಹೇಳಿದ. ನೇಮಿನಾಥ ಮಗನಿಗೆ ಹೇಳಲಿಲ್ಲ. ಅಥಣಿಗೆ ಎಲ್ಲರೂ ಹನ್ನೊಂದರ ಬಸ್ಸಿಗೆ ಹೋಗುವುದೆಂದು ಠರಾವಾಗಿತ್ತು.

ಒಂಬತ್ತೂವರೆಯ ಸುಮಾರಿಗೆ ನೇಮಿನಾಥ ಬಸದಿಯಿಂದ ನೇರ ಶೆಡ್ಡಿಗೆ ಬಂದರು. ಬಿಳಿ ಟೋಪಿ, ಬಿಳಿ ಧೋತರ, ಹಣೆಗೆ ಗಂಧ.

"ಎಲ್ಲೈತೋ ಭೀಮಸಿ ಗಾಡಿ? ಹಾರ ಹಾಕೂಣಂತ ಬಂದೆ."

ಭೀಮಸಿ ತಲೆ ಒರೆಸುತ್ತ ಹೊರಗೆ ಬಂದ. "ನಿಮ್ಮ ಮನಿ ಮುಂದ ಇಲ್ಲೇನ್ರಿ?"

"ನನ್ನ ಮನಿ ಮುಂದ ಯಾಕ ಇರತೈತಿ?"

ಇಬ್ಬರೂ ಓಣಿ ದಾಟಿ ಮನೆಗೆ ಹೋದರು. ಬಾಗಿಲಲ್ಲಿ ಮನೆಗೆಲಸದ ತಾರವ್ವ ತೋರಣ ಕಟ್ಟುತ್ತಿದ್ದಳು.

"ಅವ್ರು ಹೋಗೇ ಬಿಟ್ರಲ್ರಿ ಸಾವ್ಕಾರ. ಬಾಹುಬಲಿ ಅಣ್ಣಾರು ಗಾಡಿ ತಂದ್ರು. ಪೂಜಿ ಆದ ಗಾಡಿ ನಿಲ್ಲಸಬಾರದಂತ. ನಿಮಗ ಬಸ್ಸಿಗಿ ಬರಾಕ ಹೇಳಂದ್ರು."

ನೇಮಿನಾಥ ನಕ್ಕರು. "ಮಗಾ ಅಪ್ಪಗ ಬಸ್ಸಿಗಿ ಹಚ್ಚ್ಯಾನ ನೋಡು," ಎಂದು ತಿರುಗಿದವರು ಭೀಮಸಿಯ ಮುಖ ನೋಡಿ ನಗು ನಿಲ್ಲಿಸಿದರು.

"ಸಾವ್ಕಾರ, ಆ ಗಾಲಿಗಿ ಎರಡೆರಡ ನಟ್ಟು ಅದಾವ್ರಿ. ಅವೂ ಕೂತಿಲ್ಲ."

"ಕೂತಿಲ್ಲಂದ್ರ?"

"ಬಿಚ್ಚತಾವ್ರಿ."

"ಯಾವಾಗ?"

"ಅದನ್ನ ಹೇಳಾಕ ಬರೂದಿಲ್ರಿ. ರಾಯಬಾಗದಾಗ ಬಿಚ್ಚಬಹುದು. ಕುಡಚಿ ಹೊಳಿ ಮ್ಯಾಲೂ ಬಿಚ್ಚಬಹುದು."

ರಾಯಬಾಗ ದಾಟಿ ಕುಡಚಿ, ಕುಡಚಿ ದಾಟಿದರೆ ಕೃಷ್ಣೆಯ ಸೇತುವೆ. ಹೊಲದ ಬದಿಯಲ್ಲಿ ಗಾಲಿ ಹೋದರೆ ಗಾಡಿ ಕಬ್ಬಿಗೆ ನುಗ್ಗಿ ನಿಲ್ಲಬಹುದು. ಸೇತುವೆಯ ಮೇಲೆ ಪಕ್ಕಕ್ಕೆ ಇಳಿಯಲು ಜಾಗವಿಲ್ಲ.

ನೇಮಿನಾಥ ಮನೆಯೊಳಗೆ ಹೋಗಿ ರಾಯಬಾಗದ ಪೇಟೆಯಲ್ಲಿ ರಸ್ತೆಗೇ ಅಂಗಡಿ ಇದ್ದ ಪರಿಚಯದ ತವನಪ್ಪನಿಗೆ, ಗಾಡಿ ತಡೆಯಲಿ ಎಂದು, ಫೋನು ಮಾಡಿದರು. ಗಂಟೆ ಬಾರಿಸಿತು. ದಸರೆಯ ದಿನ ಅಂಗಡಿ ಮುಚ್ಚಿತ್ತು. ಮತ್ತೊಮ್ಮೆ ಮಾಡಿದರು, ಮತ್ತೆ ಬಾರಿಸಿತು. ಅಥಣಿಗೆ ಫೋನು ಮಾಡುವುದರಲ್ಲಿ ಅರ್ಥವಿರಲಿಲ್ಲ. ಅವರು ಅಥಣಿ ಮುಟ್ಟಿದರೆ ಫೋನೇ ಬೇಕಾಗುವುದಿಲ್ಲ.

ಭೀಮಸಿ ಓಡಿ ಮನೆಗೆ ಬಂದು ಮಣೆಯ ಮುಂದೆ ಕೂತ. ಕೆಂಪು ಬಟ್ಟೆಯ ಮೇಲೆ ಪಾನಾ, ಜಾಕ್, ಸುತ್ತಿಗೆ, ನಟ್ಟಿನ ಪೊಟ್ಟಣ. ಎಲ್ಲಕ್ಕೂ ಕುಂಕುಮ. ಗಾಲಿ ಬಿಚ್ಚುವ ನಾಲ್ಕು ಬಾಯಿಯ ಪಾನಾಕ್ಕೆ ದುಂಡವ್ವ ಚೆಂಡುಹೂವಿನ ಸರ ಕಟ್ಟಿದ್ದಳು. ಅವನು ಕೈ ಚಾಚಿದ್ದನ್ನು ಅವಳು ಒಲೆಯ ಮುಂದಿನಿಂದಲೇ ಕಂಡಳು.

"ಲೇ ಭೀಮ್ಯಾ! ಬನ್ನಿ ಮುಡಿಯೂಕಿಂತ ಮೊದಲ ಅದಕ್ಕ ಕೈ ಹಚ್ಚಬ್ಯಾಡ."

"ಯವ್ವಾ, ಸಾವ್ಕಾರರ ಹೆಂಡತಿ, ಮಗಳು ಆ ಗಾಡ್ಯಾಗ ಹೋಗ್ಯಾರ. ನಟ್ಟು ಇಲ್ಲೇ ಅದಾವ."

"ಬ್ಯಾರೆ ಕಡೆ ಇಸಗೊಂಡ ಹೋಗು."

"ಊರಾಗಿನ ಎಲ್ಲಾ ಪಾನಾ ಇವತ್ತ ಮಣಿ ಮ್ಯಾಲೆ ಅದಾವಬೇ. ಪಾನಾ ಸಿಕ್ಕ್ರೂ ಈ ನಟ್ಟು ಇಲ್ಲೇ ಅದಾವಲ್ಲ."

ದುಂಡವ್ವ ಎದ್ದು ಬಂದಳು. ಪೊಟ್ಟಣ ನೋಡಿದಳು. "ನಾ ಇಡು ಅಂದಿದ್ದಕ್ಕ ಇಟ್ಟಿಯೇನು?"

"ಹೂಂ."

ಅವಳು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. "ನಾ ನೋಡೂದಿಲ್ಲ. ತಗೊಂಡ ಹೋಗು, ಲಗೂನ."

ಭೀಮಸಿಯ ರಾಜದೂತ್ ಮೋಟಾರ್ ಸೈಕಲ್ಲಿನ ಹಿಂದೆ ನೇಮಿನಾಥ ಧೋತರ ಎತ್ತಿ ಕಟ್ಟಿ ಕೂತರು. ಜಾಕ್ ಅವರ ತೊಡೆಯ ಮೇಲೆ, ಪಾನಾ ಕೈಯಲ್ಲಿ, ನಟ್ಟಿನ ಪೊಟ್ಟಣ ಭೀಮಸಿಯ ಅಂಗಿಯ ಒಳಗೆ. ಊರ ಹೊರಗೆ ಬಂದ ಮೇಲೆ ಭೀಮಸಿ ಮೋಟಾರ್ ಸೈಕಲ್ಲನ್ನು ಅದು ತಡೆಯುವಷ್ಟೂ ಜೋರಾಗಿ ಬಿಟ್ಟ. ಪ್ರತಿ ತಿರುವಿನಲ್ಲಿ ನೇಮಿನಾಥ ಅವನ ಭುಜದ ಮೇಲಿಂದ ಇಣುಕಿ ರಸ್ತೆಯ ಎರಡೂ ಬದಿ ನೋಡುತ್ತಿದ್ದರು. ಒಂದು ಕಡೆ ಕಬ್ಬಿನ ಅಂಚಿನಲ್ಲಿ ಜನ ಗುಂಪಾಗಿ ನಿಂತಿದ್ದರು. ನೇಮಿನಾಥರ ಕೈ ಭೀಮಸಿಯ ಭುಜ ಹಿಂಡಿತು. ಹತ್ತಿರ ಹೋಗಿ ನೋಡಿದರೆ, ಅವರು ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದರು.

"ಅವಾ ಎಷ್ಟರ ಮ್ಯಾಲೆ ಓಡಸತಾನ?" ಎಂದು ಭೀಮಸಿ ಕೂಗಿ ಕೇಳಿದ.

"ತಾಯಿ ಇದ್ರ ಅರವತ್ತು. ಇಲ್ಲದಿದ್ರ ಕೇಳಬ್ಯಾಡ."

ರಾಯಬಾಗದ ಬಸ್ ಸ್ಟ್ಯಾಂಡಿನ ಮುಂದೆ ಹೂ ಮಾರುವವಳನ್ನು ಕೇಳಿದರು.

"ಚಮಕಾಕತ್ತಿದ್ದ ಗಾಲಿದೇನ್ರಿ? ಇಲ್ಲೇ ನಿಂತಿತ್ತಲ್ಲ. ಆ ಬಾಯಾರು ಭಾಳ ಚೌಕಾಸಿ ಮಾಡಿದ್ರು, ನಾಕು ಮಾರು ಸೇವಂತಿಗಿಗಿ. ಟೆಂಗಿನಕಾಯಿ, ಬಾಳಿಹಣ್ಣು ಎಲ್ಲಾ ತಗೊಂಡು ಈಗ ಹೋದ್ರು, ಕುಡಚಿ ಕಡೆ."

"ಈಗಂದ್ರ?"

"ಈಗಂದ್ರ ಈಗರೀ. ಒಂದ ಚಹಾ ಕುಡಿಯೂವಷ್ಟು ಹೊತ್ತಾಗಿರಬೇಕು."

"ದೇವ್ರು ದೊಡ್ಡಾವ," ಎಂದರು ನೇಮಿನಾಥ. ಮನೆಯಲ್ಲಿ ಹೆಂಡತಿಯ ಚೌಕಾಸಿಗೆ ಅವರು ದಿನಾ ಬೈಯುತ್ತಿದ್ದರು.

ಆ ಹೊತ್ತಿಗೆ ಕಾರಿನಲ್ಲಿ ಸದ್ದು ಶುರುವಾಗಿತ್ತು. ರಾಯಬಾಗ ಬಿಟ್ಟು ಸ್ವಲ್ಪ ದೂರಕ್ಕೆ ಮುಂದಿನ ಎಡಗಡೆಯಿಂದ ಕಟ್, ಕಟ್ ಎಂದು ಕೇಳಿಸಿತು. ರಾಜಮತಿ ಮುಂದಿನ ಸೀಟಿನಲ್ಲಿದ್ದಳು.

"ಏನೋ ಅದು?"

"ಟೈರು ದೊಡ್ಡದೈತಲ್ಲ ಆಯಿ, ತಗಡಿಗಿ ತಾಗತೈತಿ. ಭೀಮಸಿ ಮೊದಲ ಹೇಳಿದ್ದ."

ಆದರೂ ಅವನು ನಿಲ್ಲಿಸಿ ಇಳಿದು ನೋಡಿದ. ಟೈರನ್ನು ಒದ್ದ. ತಗಡಿನೊಳಗೆ ಬೆರಳು ಹಾಕಿ ಸವರಿದ. ಬಿಲ್ಲೆ ಹೊಳೆಯುತ್ತಿತ್ತು, ಕುಂಕುಮದ ಬೊಟ್ಟೂ ಹಾಗೇ ಇತ್ತು. ಎಲ್ಲ ಸರಿ ಇದೆ ಎಂದು ಮತ್ತೆ ಹತ್ತಿದ. ಈ ಸಲ ಸದ್ದು ಸ್ಟಿಯರಿಂಗ್ ತಿರುಗಿಸದಿದ್ದಾಗಲೂ ಬರುತ್ತಿತ್ತು. ವೇಗ ಹೆಚ್ಚಿದರೆ ಸದ್ದೂ ದಟ್ಟವಾಗುತ್ತಿತ್ತು.

"ದಾದಾ, ನೆಟ್ಟಗ ಹೊಂಟಾಗೂ ತಾಗತೈತೇನು?" ಎಂದು ಹಿಂದಿನಿಂದ ಅಕ್ಕುತಾಯಿ ಕೇಳಿದಳು.

"ನಿನಗ ಅಥಣಿ ಮುಟ್ಟೂದು ಬ್ಯಾಡಾಗೈತಿ, ಹೌದಲ್ಲ? ಅದಕ್ಕ ಗಾಲಿ ಮ್ಯಾಲೆ ಹಾಕಾಕತ್ತಿ."

"ಹೌದು. ಮುಟ್ಟಿದ ಕೂಡ್ಲೆ ಮದಿವಿ ಮಾಡೇ ಕಳಸ್ತೀರಿ," ಎಂದು ಅವಳು ಮುಖ ತಿರುಗಿಸಿದಳು. ತಿರುಗಿಸಿದ್ದರಿಂದ ಹಿಂದಿನ ಗಾಜು ಕಾಣಿಸಿತು. "ದಾದಾ, ಹಿಂದ ಅಪ್ಪಾ ಬರಾಕತ್ತಾರ."

ಬಾಹುಬಲಿ ಕನ್ನಡಿಯಲ್ಲಿ ನೋಡಿದ. ಮೋಟಾರ್ ಸೈಕಲ್ಲು, ಬಿಳಿ ಟೋಪಿ, ಮೇಲೆತ್ತಿ ಬೀಸುತ್ತಿದ್ದ ಒಂದು ಕೈ. ಕೇಳದೆ ಗಾಡಿ ತಂದದ್ದಕ್ಕೆ ಅಪ್ಪ ಇಷ್ಟು ದೂರ ಬೆನ್ನಟ್ಟಿ ಬಂದಿದ್ದಾರೆ. ಇಲ್ಲಿ ನಿಲ್ಲಿಸಿದರೆ ರಸ್ತೆಯ ಮೇಲೆಯೇ ಬೈಗುಳ, ತಿರುಗಿ ಚಿಕ್ಕೋಡಿಗೆ. ಬೀಗರಾಗುವವರ ಮನೆ ಮುಟ್ಟಿದರೆ ಅವರೆದುರು ಅಪ್ಪ ಏನೂ ಅನ್ನುವುದಿಲ್ಲ. ಅವನು ಕಾಲು ಒತ್ತಿದ.

"ನಿಲ್ಲಸೋ!" ಎಂದಳು ರಾಜಮತಿ.

"ಅಥಣ್ಯಾಗ ಬೈಸ್ಕೋತೀನಿ ಆಯಿ. ಇಲ್ಲಿ ಬ್ಯಾಡ."

ಮೀಟರು ಎಪ್ಪತ್ತು ದಾಟಿತು. ಕಟ್ ಕಟ್ ಒಂದೇ ಸಮನೆ ಗಲಗಲವಾಯಿತು. ಅವನ ಕೈಯಲ್ಲಿ ಸ್ಟಿಯರಿಂಗ್ ಸಣ್ಣಗೆ ನಡುಗತೊಡಗಿತು.

ಹಿಂದೆ ಭೀಮಸಿ ಇದನ್ನು ಕಂಡ. ಕಾರು ದೂರವಾಯಿತು. ರಸ್ತೆ ಬಲಕ್ಕೆ ಬಾಗಿದಲ್ಲಿ ಅದರ ಮುಂದಿನ ಎಡಗಾಲಿ ಅತ್ತಿತ್ತ ಓಲಾಡುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

"ಸಾವ್ಕಾರ, ಕೈ ಮಾಡಬ್ಯಾಡ್ರಿ! ನಿಮಗ ಅಂಜಿ ಓಡಾಕತ್ತಾನ."

ಅವನು ರಾಜದೂತಿನ ವೇಗ ಕಡಿಮೆ ಮಾಡಿದ.

"ಯಾಕ ನಿಲ್ಲಸಾಕತ್ತಿ?" ಎಂದು ನೇಮಿನಾಥ ಕೂಗಿದರು. "ಓಡಸಲೇ! ನನ್ನ ಮಗಳು ಅದಾಳ ಅದರಾಗ!"

"ನಾವು ಓಡಿಸಿದಷ್ಟೂ ಅವಾ ಓಡಸ್ತಾನ್ರಿ. ಕೈ ಬ್ಯಾಡ, ಪಾನಾ ಎತ್ರಿ. ಹೂವಿಂದು. ಮ್ಯಾಲೆ ಎತ್ತಿ ಹಿಡೀರಿ!"

ನೇಮಿನಾಥರಿಗೆ ಅರ್ಥವಾಗಲಿಲ್ಲ. ಆದರೂ ಎರಡೂ ಕೈಯಲ್ಲಿ ಪಾನಾ ಹಿಡಿದು ತಲೆಯ ಮೇಲೆತ್ತಿದರು. ಜಾಕ್ ತೊಡೆಯಿಂದ ಜಾರಿ ರಸ್ತೆಗೆ ಬಿತ್ತು. ಹಿಡಿದುಕೊಳ್ಳಲು ಕೈ ಇಲ್ಲದೆ ಅವರು ಮೊಣಕಾಲುಗಳಿಂದ ಭೀಮಸಿಯ ಸೊಂಟವನ್ನು ಅದುಮಿಕೊಂಡರು. ಚೆಂಡುಹೂವಿನ ಸರ ಗಾಳಿಗೆ ಬಿಚ್ಚಿ ಹಿಂದಕ್ಕೆ ಹಾರಾಡಿತು.

ಅಕ್ಕುತಾಯಿ ಇನ್ನೂ ಹಿಂದಕ್ಕೇ ನೋಡುತ್ತಿದ್ದಳು. "ಆಯಿ, ಅಪ್ಪಾನ ಕೈಯಾಗ ಏನೋ ಕಬ್ಬಿಣ ಐತಿ. ಹೂ ಕಟ್ಟೈತಿ."

ರಾಜಮತಿ ತಿರುಗಿ ನೋಡಿದಳು. ಚಿಕ್ಕೋಡಿಯ ಆ ಓಣಿಯ ಮಗ್ಗುಲಿಗೆ ಮದುವೆಯಾಗಿ ಬಂದು ಅವಳಿಗೆ ಇಪ್ಪತ್ತೈದು ದಸರೆ ಆಗಿದ್ದವು. ಬಡಿಗೇರ, ಕಮ್ಮಾರ, ಟೈರಿನವ, ಯಾರೂ ಬನ್ನಿಗೆ ಮೊದಲು ಪೂಜೆಯ ಸಾಮಾನಿಗೆ ಕೈ ಹಚ್ಚಿದ್ದನ್ನು ಅವಳು ಕಂಡಿರಲಿಲ್ಲ. ದುಂಡವ್ವನಂತೂ ಆ ದಿನ ತರಕಾರಿ ಹೆಚ್ಚಲು ಇಳಿಗೆಮಣೆಯನ್ನೂ ಎತ್ತುವವಳಲ್ಲ.

"ದುಂಡವ್ವನ ಮನಿ ಪಾನಾ ಅದು," ಎಂದಳು. "ಮಣಿ ಮ್ಯಾಲಿಂದು ಎತ್ತಿಕೊಂಡು ಬಂದಾರ. ಬಾಹುಬಲಿ, ಇದು ಬೈಯಾಕ ಬಂದಿದ್ದಲ್ಲ. ಗಾಡಿಗಿ ಏನೋ ಆಗೈತಿ. ನಿಲ್ಲಸು."

ಅವನು ಬ್ರೇಕಿಗೆ ಕಾಲು ಒಯ್ದ.

"ಗಕ್ಕನ ಬ್ಯಾಡ. ಹಗೂರಕ."

ಅವನು ಕಾಲು ತೆಗೆದು, ಗೇರು ಇಳಿಸಿ, ಗಾಡಿಯನ್ನು ಅದರಷ್ಟಕ್ಕೆ ಸಾವಕಾಶ ಆಗಲು ಬಿಟ್ಟ. ಕೊನೆಗೆ ಅದು ರಸ್ತೆಯ ಬದಿ, ಕಬ್ಬಿನ ಹೊಲದ ಮಗ್ಗುಲಿಗೆ ನಿಂತಿತು. ಮುಂದೆ ತಿರುವಿನಲ್ಲಿ ಕುಡಚಿಯ ಮನೆಗಳು ಕಾಣುತ್ತಿದ್ದವು.

ಭೀಮಸಿ ಬಂದವನೇ ಎಡಗಾಲಿಯ ಮುಂದೆ ಕೂತು ಪಾನಾದ ತುದಿಯಿಂದ ಬಿಲ್ಲೆಯನ್ನು ಎಬ್ಬಿಸಿದ. ಬಿಲ್ಲೆಯ ಜೊತೆ ಒಂದು ನಟ್ಟು ಅವನ ಅಂಗೈಗೆ ಬಿತ್ತು. ಸದ್ದು ಮಾಡುತ್ತಿದ್ದದ್ದು ಅದು. ಇನ್ನೊಂದು ನಟ್ಟು ಬೋಲ್ಟಿನ ತುದಿಯಲ್ಲಿತ್ತು. ಅವನು ಅದನ್ನು ಎರಡು ಬೆರಳಿನಿಂದ ತಿರುವಿ ತೆಗೆದ. ಎರಡೇ ಸುತ್ತು, ಕೈಗೆ ಬಂತು.

ನೇಮಿನಾಥರ ಟೋಪಿ ಎಲ್ಲೋ ಹಾರಿಹೋಗಿತ್ತು. ಬಾಹುಬಲಿ ತಂದೆಯ ಎದುರು ಬಂದು ನಿಂತ, ಹೊಡೆತಕ್ಕೆ ಕಾದವನಂತೆ. ನೇಮಿನಾಥ ಕೈ ಎತ್ತಿದರು, ಅವನ ಭುಜದ ಮೇಲಿಟ್ಟು ಅಲ್ಲೇ ಊರಿಕೊಂಡು ನಿಂತರು.

"ನಿನಗ ಹೇಳಬೇಕಾಗಿತ್ತು," ಎಂದರು. "ಹೇಳಲಿಲ್ಲ."

"ಕೇಳಬೇಕಾಗಿತ್ತು ನಾನೂ."

"ಅಪ್ಪಾ ಮಗಾ ಆಮ್ಯಾಲೆ ಸಮಾಧಾನ ಮಾಡ್ಕೋರಿ," ಎಂದಳು ರಾಜಮತಿ. "ಮೊದಲ ಆ ಜಾಕ್ ಹುಡುಕಿ ತರ್ರಿ."

ಬಾಹುಬಲಿ ರಸ್ತೆಯುದ್ದಕ್ಕೂ ಓಡಿ ಹೋಗಿ ಜಾಕ್ ತಂದ. ಭೀಮಸಿ ಗಾಲಿ ಬಿಚ್ಚಿ ಬೆಳಕಿಗೆ ಹಿಡಿದ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸಡಿಲ ನಟ್ಟು ಅದರ ಎರಡು ತೂತುಗಳನ್ನು ತತ್ತಿಯಂತೆ ಉದ್ದ ಮಾಡಿತ್ತು. ಹೊಸ ನಟ್ಟು ಹಾಕಿದರೂ ಆ ಗಾಲಿ ಇನ್ನು ಕೂರುವುದಿಲ್ಲ. ಗಾಡಿಯ ಹಿಂದೆ ಸ್ಟೆಪ್ನಿ ಇತ್ತು, ಹನ್ನೆರಡು ಇಂಚಿನ ಹಳೆಯ ಕಬ್ಬಿಣದ ಗಾಲಿ.

"ಅದನ್ನ ಹಾಕಿ ಬಿಡು," ಎಂದರು ನೇಮಿನಾಥ.

"ಮುಂದ ಹಾಕಾಕ ಬರೂದಿಲ್ರಿ. ಒಂದು ದೊಡ್ಡದು, ಒಂದು ಸಣ್ಣದಾದ್ರ ಗಾಡಿ ಒಂದ ಕಡೆ ಜಗ್ಗತೈತಿ. ಹಿಂದಿನ ಗಾಲಿ ತಗದು ಮುಂದ ಹಾಕತೀನಿ, ಹಿಂದ ಇದನ್ನ ಹಾಕತೀನಿ. ಚಿಕ್ಕೋಡಿತನಾ ಹಗೂರಕ ಹೋಗಬಹುದು. ಅಥಣಿಗಿ ಬ್ಯಾಡ."

ಅವನು ಹಾಗೇ ಮಾಡಿದ. ಉಳಿದ ಮೂರು ಗಾಲಿಗಳ ತೂತು ಇನ್ನೂ ಕೆಟ್ಟಿರಲಿಲ್ಲ. ಅಲ್ಯೂಮಿನಿಯಂ ಗಾಲಿ ಮೂರಕ್ಕೂ ನಾಲ್ಕು ನಾಲ್ಕು ಹೊಸ ನಟ್ಟು, ಕಬ್ಬಿಣದ ಗಾಲಿಗೆ ಹಳೆಯವೇ ನಾಲ್ಕು. ಬಿಲ್ಲೆಗಳನ್ನು ಹಾಕಲಿಲ್ಲ. ಪಾನಾದಲ್ಲಿ ಅಂಟಿದ್ದ ಕುಂಕುಮ ಅವನ ಅಂಗೈಗೆ ಹತ್ತಿ, ಅಲ್ಲಿಂದ ಗಾಲಿಗಳಿಗೆ ಹತ್ತಿತು.

ಬಾಹುಬಲಿ ಖಾಲಿ ಗಾಡಿಯನ್ನು ತಿರುಗಿಸಿಕೊಂಡು ಭೀಮಸಿಯ ಮೋಟಾರ್ ಸೈಕಲ್ಲಿನ ಹಿಂದೆ ಚಿಕ್ಕೋಡಿಗೆ ಹೊರಟ. ಉಳಿದ ಮೂವರು ಹೂವು, ತೆಂಗಿನಕಾಯಿ, ಬಾಳೆಹಣ್ಣಿನ ಚೀಲ ಹಿಡಿದು ಕುಡಚಿಯ ತನಕ ನಡೆದರು. ಅಥಣಿಯ ಬಸ್ಸು ಹನ್ನೆರಡೂವರೆಗೆ ಬಂತು. ಹಬ್ಬದ ಗರ್ದಿ ಇತ್ತು. ಹೊಳೆಯಾಚೆಯ ಉಗಾರದ ತನಕ ಅವರು ನಿಂತೇ ಹೋದರು.